ಕಟ್ಟಿದ ಮನೆ, ಕೊಂಡ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮೊನ್ನೆ ತರಗತಿಯಲ್ಲಿ ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಮನೆಯನ್ನು ಕೊಳ್ಳುತ್ತಾರಲ್ಲವೆ ಸಾರ್, ಕಟ್ಟುವುದೇಕೆ?” ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆನು. ಆದರೆ ಆಕೆ ತಮಾಷೆಗೆ ಕೇಳಿದವಳಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಆ ಹುಡುಗಿಯ ಪಾಲಿಗೆ ‘ಮನೆ’ ಎಂಬ ನಾಮಪದಕ್ಕೆ ಸಹಜವಾಗಿ ಒದಗುವ ಕ್ರಿಯಾಪದವೇ ಬೇರೆಯಾಗಿದೆ. ಒಂದು ತಲೆಮಾರಿನೊಳಗೆ ನಡೆದ ಈ ಪಲ್ಲಟ ಭಾಷೆಯದು ಮಾತ್ರವಲ್ಲ.

ಹಿಂದೆಯೂ ಮನೆ ಕಟ್ಟುತ್ತಿದ್ದವರು ಖಾಸಗಿ ಜನರೇ. ೧೮೯೮ರ ಪ್ಲೇಗಿನ ತರುವಾಯ ಭರದಿಂದ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಸರಕಾರ ಬೀದಿಗಳನ್ನು ಹಾಕಿ ನಿವೇಶನಗಳನ್ನು ಗುರುತಿಸಿತು; ಮನೆಯನ್ನು ಕಟ್ಟಿಕೊಂಡವರು ಗುಮಾಸ್ತರು, ವಕೀಲರು, ಉಪಾಧ್ಯಾಯರು. ೧೯೪೫ರಲ್ಲಿ ಬಂದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ ೧೯೭೬ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಬಹುಮಟ್ಟಿಗೆ ಇದೇ ಪದ್ಧತಿಯನ್ನು ಅನುಸರಿಸಿದವು. ಮೂವತ್ತು-ನಲವತ್ತರ ನಿವೇಶನ ದೊರೆತವನು ಒಬ್ಬ ಮೇಸ್ತ್ರಿಯನ್ನು ಹುಡುಕುತ್ತಿದ್ದನು. ಮುಂದಿನ ಕಥೆಯೆಲ್ಲ ಅವರಿಬ್ಬರ ನಡುವಣ ಪ್ರೀತಿ-ಕಲಹಗಳ ಕಥೆ.

ನಮ್ಮ ತಂದೆಯವರು ತುಮಕೂರಿನಲ್ಲಿ ಮನೆ ಕಟ್ಟಿಸಿದುದು ೧೯೮೮ರಲ್ಲಿ. ನನಗಾಗ ಎಂಟು ವರ್ಷ. ಶಾಲೆಗೆ ಹೋಗುವ ಮುನ್ನ ಮತ್ತು ಬಂದ ಮೇಲೆ ಹೊಸ ಗೋಡೆಗಳಿಗೆ ನೀರುಣಿಸುವುದು ನನ್ನ ಪಾಲಿನ ಕೆಲಸ. ಭವಿಷ್ಯನಿಧಿಯ ಹಣ ತೀರಿದೊಡನೆ ಕೆಲಸ ನಿಲ್ಲುತ್ತಿತ್ತು. ಅಮ್ಮನ ಬಳೆ ಅಡವಿಗೆ ಹೋದೊಡನೆ ಮತ್ತೆ ಆರಂಭವಾಗುತ್ತಿತ್ತು. ನೆಲಕ್ಕೆ ಕೆಂಪು ಗಾರೆ ಹಾಕಿದ ಮುದುಕ ಮೇಸ್ತ್ರಿ ಅದನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿ, “ನಿಮ್ಮ ಮೊಮ್ಮಕ್ಕಳು ಇದರ ಮೇಲೆ ಜಾರಲಿ” ಎಂದು ಹರಸಿದನು. ಅಣ್ಣನ ಮದುವೆಗೆ ಹಿತ್ತಲಿನತ್ತ ಒಂದು ಕೋಣೆ ಸೇರಿತು. ಕುಟುಂಬ ಬೆಳೆದಂತೆ ಮನೆಯೂ ಬೆಳೆಯಿತು.

ಬಹುಮಹಡಿಯ ವಸತಿಗೆ ಕಾನೂನಿನ ತಳಹದಿ ಹಾಕಿದುದು ೧೯೭೨ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ. ಆದರೆ ಮಧ್ಯಮವರ್ಗದವರು ಆಕಾಶದಲ್ಲಿ ನೆಲ ಕೊಳ್ಳುವ ಧೈರ್ಯ ಮಾಡಲು ಇನ್ನೆರಡು ದಶಕಗಳು ಹಿಡಿದವು. ಗಣಕೋದ್ಯಮದ ಸಂಬಳ ಅದಕ್ಕೆ ಒಂದು ಕಾರಣ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಸಾಲ. ೧೯೭೭ರಲ್ಲಿ ಎಚ್‌.ಡಿ.ಎಫ್‌.ಸಿ. ಆರಂಭವಾದಾಗ ಮನೆಗೆಂದು ಸಾಲ ಕೊಡುವ ಖಾಸಗಿ ಸಂಸ್ಥೆಯೆಂಬುದೇ ನಮ್ಮಲ್ಲಿ ಹೊಸತು. ಅಪ್ಪನ ಕಾಲದಲ್ಲಿ ಮನೆ ದುಡಿಮೆಯ ಕೊನೆಯಲ್ಲಿ ಬರುತ್ತಿತ್ತು. ಈಗ ದುಡಿಮೆಯ ಆರಂಭದಲ್ಲೇ ಬಂದು, ಇಪ್ಪತ್ತು ವರ್ಷ ತಿಂಗಳು ತಿಂಗಳೂ ತನ್ನ ಪಾಲನ್ನು ಕೇಳುತ್ತದೆ.

ಕಟ್ಟುವ ವಿಧಾನವೂ ಬದಲಾಯಿತು. ಸುಟ್ಟ ಇಟ್ಟಿಗೆಯ ಸ್ಥಳದಲ್ಲಿ ಸಿಮೆಂಟ್ ಬ್ಲಾಕು, ಹೊಳೆಯ ಮರಳಿನ ಸ್ಥಳದಲ್ಲಿ ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್. ದೊಡ್ಡ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚುಗಳನ್ನು ನಿಲ್ಲಿಸಿ, ಗೋಡೆಯನ್ನೂ ಚಾವಣಿಯನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಕೆಲಸ ಬೇಗ, ಗೋಡೆ ನುಣುಪು. ಆದರೆ ಆ ಗೋಡೆಯೇ ಭಾರ ಹೊರುವುದರಿಂದ ಅದನ್ನು ಮುಂದೆ ಒಡೆಯುವಂತಿಲ್ಲ, ಬಾಗಿಲು ಕೊರೆಯುವಂತಿಲ್ಲ. ಅಣ್ಣನ ಮದುವೆಯ ಕೋಣೆ ಇಲ್ಲಿ ಹುಟ್ಟಲಾರದು. ಈ ಅಚ್ಚುಗಳನ್ನು ಹೊರುವವರು ರಾಯಚೂರು, ಕಲಬುರಗಿಗಳಿಂದಲೂ ಬಿಹಾರ, ಒಡಿಶಾಗಳಿಂದಲೂ ಬಂದು ತಗಡಿನ ಗುಡಿಸಲುಗಳಲ್ಲಿ ತಂಗುವ ಜನ. ಅವರ ಕ್ಷೇಮಕ್ಕೆಂದು ೧೯೯೬ರಲ್ಲಿ ಕಾಯಿದೆಯೂ ಸೆಸ್ಸೂ ಬಂದವು. ಕಟ್ಟಡಕ್ಕೆ ಬಣ್ಣ ಬಳಿಯುವ ಹೊತ್ತಿಗೆ ಆ ಗುಡಿಸಲುಗಳು ಅಲ್ಲಿರುವುದಿಲ್ಲ.

ಹೆಸರುಗಳ ಮಾತನ್ನು ಕನ್ನಡದ ಮೇಷ್ಟರು ಎತ್ತದಿದ್ದರೆ ಹೇಗೆ? ‘ಮಾತೃಕೃಪಾ’, ‘ಶ್ರೀನಿಲಯ’ಗಳಿದ್ದ ಗೇಟುಗಳ ಊರಿನಲ್ಲಿ ಈಗ ಇಟಲಿ, ಸ್ಪೇನುಗಳ ಹಳ್ಳಿಗಳು ತಲೆಯೆತ್ತಿವೆ. ನಮ್ಮ ತರಕಾರಿಯವನಂತೂ ಅವುಗಳನ್ನೆಲ್ಲ ‘ಕೆರೆ ಪಕ್ಕದ್ದು’, ‘ನೀಲಗಿರಿ ತೋಪಿಂದು’ ಎಂದೇ ಗುರುತಿಸುತ್ತಾನೆ. ಕೆರೆಯೂ ಇಲ್ಲ, ತೋಪೂ ಇಲ್ಲ.

ನಾನೂ ಕೊಂಡವನೇ. ೨೦೧೨ರಲ್ಲಿ ನಗರದ ಅಂಚಿನಲ್ಲಿ ಒಂದು ಫ್ಲಾಟಿಗೆ ಮುಂಗಡ ಕೊಟ್ಟೆ. ಎರಡೂವರೆ ವರ್ಷದಲ್ಲಿ ಕೈಗೆ ಬರುವುದೆಂದಿದ್ದರು, ಬಂದದ್ದು ೨೦೧೭ರಲ್ಲಿ. ಅಷ್ಟೂ ಕಾಲ ಬಾಡಿಗೆಯನ್ನೂ ಬಡ್ಡಿಯನ್ನೂ ಒಂದೇ ಸಂಬಳದಲ್ಲಿ ತೆತ್ತೆವು. ಮಗಳನ್ನು ಸೇರಿಸಬೇಕೆಂದಿದ್ದ ಶಾಲೆಯನ್ನು ಬಿಟ್ಟೆವು. ಮಡದಿ ತವರಿನ ಸರವನ್ನು ಮಾರಿದಳು. ಅದನ್ನು ನಾನು ತಿಳಿದದ್ದು ಆಮೇಲೆ. ಅಮ್ಮನ ಬಳೆಯಂತೆಯೇ ಇದೂ ಎಂದು ಸಮಾಧಾನ ಹೇಳಹೊರಟೆ. “ಅತ್ತೆಗೆ ಗೋಡೆಯಾದರೂ ಕಣ್ಣೆದುರಿಗಿತ್ತು” ಎಂದಳು. ನಮ್ಮ ಹಣ ಯಾವ ಗೋಡೆಗೆ ಹೋಗುತ್ತಿದೆ, ನಮ್ಮದಕ್ಕೋ ಆ ಸಂಸ್ಥೆಯ ಬೇರೊಂದು ಕಟ್ಟಡಕ್ಕೋ, ಎಂದು ತಿಳಿಯುವ ದಾರಿಯೇ ನಮಗಿರಲಿಲ್ಲ.

ಇಂಥ ಅಳಲನ್ನೆಲ್ಲ ಕೇಳಿಯೇ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ ೨೦೧೬ರಲ್ಲಿ ಬಂದಿತು. ಕೊಳ್ಳುವವರು ಕೊಟ್ಟ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು. ಒಪ್ಪಿಸಿದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವನೇ ಸರಿಪಡಿಸಬೇಕು. ಮಾರಾಟ ಒಳಗೋಡೆಗಳ ನಡುವಣ ‘ಕಾರ್ಪೆಟ್’ ವಿಸ್ತೀರ್ಣದ ಲೆಕ್ಕದಲ್ಲಿ ನಡೆಯಬೇಕೆಂಬುದು ಇದರ ದೊಡ್ಡ ಉಪಕಾರವೆನ್ನಬೇಕು. ‘ಸೂಪರ್ ಬಿಲ್ಟ್‌ಅಪ್’ ಎಂಬ ಮಾಯಾಶಬ್ದದಲ್ಲಿ ಮೆಟ್ಟಿಲು, ಮೊಗಸಾಲೆ, ಲಿಫ್ಟು ಎಲ್ಲವೂ ಸೇರಿ, ಸಾವಿರದಿನ್ನೂರು ಅಡಿ ಕೊಂಡವನು ಚಾಪೆ ಹಾಸಹೋದರೆ ಒಂಬೈನೂರೂ ಸಿಗುತ್ತಿರಲಿಲ್ಲ.

ಆದರೆ ಬೆಲೆಯನ್ನು ಯಾವ ಕಾಯಿದೆಯೂ ತಗ್ಗಿಸಲಿಲ್ಲ. ೨೦೧೯ರಲ್ಲಿ ಕೇಂದ್ರ ಸರಕಾರ ತೆರಿಗೆ ರಿಯಾಯಿತಿಗಾಗಿ ಬೆಂಗಳೂರಿನಂಥ ಮಹಾನಗರದಲ್ಲಿ ‘ಕೈಗೆಟಕುವ ಮನೆ’ಯ ಮಿತಿಯನ್ನು ಅರವತ್ತು ಚದರ ಮೀಟರು, ನಲವತ್ತೈದು ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಆ ಬೆಲೆಗೆ ನಗರದೊಳಗೆ ಹೊಸ ಮನೆ ಅರಸಿ ಅಲೆದವರಿಗೆ ವಿವರಣೆ ಬೇಡ.

ನಮ್ಮ ಗೃಹಪ್ರವೇಶದ ದಿನ ಹಸು ಒಂಬತ್ತನೆಯ ಮಹಡಿಗೆ ಏರಲಾರದೆಂದು ಕೆಳಗೆ ಕಾರುಗಳ ನಡುವೆಯೇ ಅದನ್ನು ಪೂಜಿಸಿದೆವು. ಊಟವಾದ ಮೇಲೆ ಅಪ್ಪ, “ನಮ್ಮ ನೆಲ ಯಾವುದಪ್ಪಾ?” ಎಂದರು. ಕ್ರಯಪತ್ರ ತೆಗೆದು ಓದಿ ಹೇಳಿದೆ: ಒಟ್ಟು ಭೂಮಿಯಲ್ಲಿ ವಿಭಾಗವಾಗದ ನಾನೂರ ಹನ್ನೆರಡು ಚದರಡಿಯ ಪಾಲು. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ತಾವೂ ಒಮ್ಮೆ ಓದಿದರು. ಬಳಿಕ ಬಾಲ್ಕನಿಗೆ ಹೋಗಿ ಕೆಳಗೆ ನೋಡುತ್ತ ಬಹಳ ಹೊತ್ತು ನಿಂತಿದ್ದರು.