ಕಾರ್ಖಾನೆಯ ತಂತಿಯಲ್ಲಿ ಪದಗಳ ತೊಡಕು

ದೊಡ್ಡ ಕಾರ್ಖಾನೆಯೊಂದರ ಬಾಯ್ಲರನ್ನು ಮನಸ್ಸಿಗೆ ತಂದುಕೊಳ್ಳೋಣ. ಉಷ್ಣತೆಯನ್ನು ಅಳೆಯುವ ಉಪಕರಣವೊಂದು, ಒತ್ತಡವನ್ನು ಅಳೆಯುವುದು ಇನ್ನೊಂದು, ನೀರಿನ ಮಟ್ಟವನ್ನು ತಿಳಿಸುವುದು ಮತ್ತೊಂದು ಅದಕ್ಕೆ ಅಂಟಿಕೊಂಡಿರುತ್ತವೆ. ದೂರದ ಕೋಣೆಯಲ್ಲಿರುವ ನಿಯಂತ್ರಣ ಯಂತ್ರವು ಇವುಗಳಿಂದ ಸುದ್ದಿಯನ್ನು ತರಿಸಿಕೊಂಡು, ಕವಾಟಗಳನ್ನು ತೆರೆಯುವಂತೆಯೋ ಮುಚ್ಚುವಂತೆಯೋ ಆಜ್ಞೆ ಮಾಡುತ್ತದೆ. ಸುದ್ದಿಯೂ ಆಜ್ಞೆಯೂ ಸಂಚರಿಸುವ ಈ ತಂತಿಗಳ ಏರ್ಪಾಡಿಗೆ ಜಾಲವೆಂದು ಹೆಸರು. ಇದರಲ್ಲಿ ಹರಿಯುವ ವಿದ್ಯುತ್ತಿಗಿಂತಲೂ ಇದರ ಬಗೆಗೆ ಬಳಸುವ ಪದಗಳೇ ಹೆಚ್ಚು ತೊಡಕಿನವು. ತೊಡಕು ಬರಿಯ ಭಾಷೆಯದಾಗಿದ್ದರೆ ಅದನ್ನು ಪಂಡಿತರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಇಲ್ಲಿ ಪದವನ್ನು ತಪ್ಪಾಗಿ ತಿಳಿದವನು ಒತ್ತಡವನ್ನೇ ಉಷ್ಣತೆಯೆಂದು ಓದಿಬಿಟ್ಟಾನು.

ಉದಾಹರಣೆಗೆ ಮೋಡ್‌ಬಸ್ ಎಂಬ ಸಂಭಾಷಣಾ ನಿಯಮಾವಳಿಯನ್ನು ತೆಗೆದುಕೊಳ್ಳೋಣ. ಅಮೆರಿಕದ ಮೋಡಿಕಾನ್ ಸಂಸ್ಥೆಯು ಇದನ್ನು 1979ರಲ್ಲಿ ಪ್ರಕಟಿಸಿತು. ಇಂದಿಗೂ ಅಸಂಖ್ಯಾತ ಉಪಕರಣಗಳು ಇದನ್ನೇ ಅನುಸರಿಸುತ್ತವೆ. ಹೆಸರಿನಲ್ಲಿರುವ 'ಬಸ್' ನಾವು ಊರಿಂದೂರಿಗೆ ಹೋಗುವ ಬಸ್ಸಿನ ದಾಯಾದಿಯೇ. ಎರಡಕ್ಕೂ ಮೂಲ ಲ್ಯಾಟಿನ್ನಿನ 'ಆಮ್ನಿಬಸ್', ಎಂದರೆ 'ಎಲ್ಲರಿಗಾಗಿ' ಎಂದರ್ಥ. ಒಂದೇ ಜೋಡಿ ತಂತಿಯನ್ನು ಹಲವು ಉಪಕರಣಗಳು ಹಂಚಿಕೊಳ್ಳುವುದರಿಂದ ಈ ಹೆಸರು ಬಂದಿತು.

ಎಲ್ಲರೂ ಒಮ್ಮೆಲೇ ಮಾತನಾಡಿದರೆ ಯಾರ ಮಾತೂ ಕೇಳಿಸದು. ಆದುದರಿಂದ ತಂತಿಯ ಮೇಲೆ ಪ್ರಶ್ನೆ ಕೇಳುವ ಅಧಿಕಾರ ಒಂದೇ ಯಂತ್ರಕ್ಕೆ. ಉಳಿದವು ತಮ್ಮನ್ನು ಕೇಳಿದಾಗ ಮಾತ್ರ ಉತ್ತರ ಕೊಡತಕ್ಕವು. ಅವುಗಳಿಗೆ 1ರಿಂದ 247ರವರೆಗೆ ವಿಳಾಸಗಳುಂಟು. ಸೊನ್ನೆಯ ವಿಳಾಸಕ್ಕೆ ಕಳುಹಿಸಿದ ಆಜ್ಞೆ ಎಲ್ಲರಿಗೂ ಸಲ್ಲುತ್ತದೆ, ಆದರೆ ಯಾರೂ ಮರುನುಡಿಯುವುದಿಲ್ಲ. ಕೇಳುವ ಯಂತ್ರವನ್ನು 'ಮಾಸ್ಟರ್' ಎಂದೂ ಉತ್ತರ ಕೊಡುವುದನ್ನು 'ಸ್ಲೇವ್' ಎಂದೂ ಬಹುಕಾಲ ಕರೆದರು. ಹರಿದಾಸರಿಂದಾಗಿ ನಮ್ಮಲ್ಲಿ ದಾಸನೆಂಬ ಮಾತಿಗೆ ಒಂದು ಗೌರವವಿದೆ. ಇಂಗ್ಲಿಷಿನ ಪದಕ್ಕಾದರೋ ಮನುಷ್ಯರನ್ನು ಸಂತೆಯಲ್ಲಿ ಮಾರಿದ ನೆನಪು ಅಂಟಿಕೊಂಡಿದೆ. 2020ರ ಜುಲೈ ತಿಂಗಳಲ್ಲಿ ಮೋಡ್‌ಬಸ್ ಸಂಸ್ಥೆಯು ಈ ಜೋಡಿಯನ್ನು ಕೈಬಿಟ್ಟು 'ಕ್ಲೈಂಟ್' ಮತ್ತು 'ಸರ್ವರ್' ಎಂಬ ಪದಗಳನ್ನು ಬಳಸುವುದಾಗಿ ಸಾರಿತು. ಬದಲಾವಣೆ ಸರಿಯಾದುದೆಂದೇ ನಮ್ಮ ಅಭಿಪ್ರಾಯ.

ಆದರೆ ಹೊಸಬರು ಇಲ್ಲಿಯೂ ಎಡವುತ್ತಾರೆ. ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಸರ್ವರ್ ಎಂದರೆ ತಂಪು ಕೋಣೆಯಲ್ಲಿಟ್ಟ ದೊಡ್ಡ ಯಂತ್ರ. ಕಾರ್ಖಾನೆಯಲ್ಲಿ ಹಾಗಲ್ಲ: ಬಾಯ್ಲರಿನ ಪಕ್ಕದಲ್ಲಿರುವ ಅಂಗೈಯಗಲದ ಉಷ್ಣತಾಮಾಪಕವೇ ಸರ್ವರ್, ಕೋಣೆಯಲ್ಲಿರುವ ದೊಡ್ಡ ಯಂತ್ರವೇ ಕ್ಲೈಂಟ್. ಹೋಟೆಲನ್ನು ನೆನೆದುಕೊಂಡರೆ ಗೊಂದಲವಿಲ್ಲ. ಕೇಳುವವನು ಗಿರಾಕಿ, ತಂದುಕೊಡುವವನು ಮಾಣಿ. ಇಬ್ಬರ ಗಾತ್ರವನ್ನು ಯಾರೂ ವಿಚಾರಿಸುವುದಿಲ್ಲ. ಹಳೆಯ ಕೈಪಿಡಿಗಳು ಕಾರ್ಖಾನೆಗಳಲ್ಲಿ ಇನ್ನೂ ಬಹುಕಾಲ ಉಳಿಯುವುದರಿಂದ ಎರಡು ಜೋಡಿಗಳನ್ನೂ ತಿಳಿದಿರುವುದು ಅವಶ್ಯಕ.

ಇನ್ನು 'ಕಾಯಿಲ್' ಎಂಬ ಪದ. ಹಿಂದೆ ನಿಯಂತ್ರಣವೆಲ್ಲವೂ ರಿಲೇಗಳಿಂದ ನಡೆಯುತ್ತಿತ್ತು. ತಂತಿಯ ಸುರುಳಿಗೆ ವಿದ್ಯುತ್ತು ಹಾಯಿಸಿದರೆ ಅದು ಅಯಸ್ಕಾಂತವಾಗಿ ಸಂಪರ್ಕವನ್ನು ಎಳೆದುಕೊಳ್ಳುತ್ತಿತ್ತು. ಸುರುಳಿಯಿಲ್ಲದ ಉಪಕರಣಗಳಲ್ಲಿಯೂ ಬಿಡಿಸಿ ಮುಚ್ಚಬಹುದಾದ ಒಂದು ಅಂಶಕ್ಕೆ ಮೋಡ್‌ಬಸ್ ಭಾಷೆಯಲ್ಲಿ ಕಾಯಿಲ್ ಎಂದೇ ಹೆಸರು.

ನಿಜವಾದ ಅಪಾಯವಿರುವುದು 'ರಿಜಿಸ್ಟರು' ಎಂಬಲ್ಲಿ. ಇದು ದಫ್ತರದ ಪುಸ್ತಕವಲ್ಲ. 0ಯಿಂದ 65535ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಇಟ್ಟುಕೊಳ್ಳಬಲ್ಲ ಗೂಡು. ಕೈಪಿಡಿಯೊಂದರಲ್ಲಿ ಉಷ್ಣತೆಯು 40108ನೆಯ ರಿಜಿಸ್ಟರಿನಲ್ಲಿದೆ ಎಂದು ಬರೆದಿದೆ ಎನ್ನೋಣ. ಮೊದಲಿನ 4 ಗೂಡಿನ ಜಾತಿಯನ್ನು ಸೂಚಿಸುತ್ತದೆ; ಉಳಿದುದು 108ನೆಯ ಗೂಡು. ಆದರೆ ತಂತಿಯ ಮೇಲೆ ಹೋಗುವ ಅಂಕಿ 108 ಅಲ್ಲ, 107. ಕಾರಣವೇನೆಂದರೆ ಕೈಪಿಡಿಯು ಒಂದರಿಂದ ಎಣಿಸುತ್ತದೆ, ತಂತಿಯ ನಿಯಮ ಸೊನ್ನೆಯಿಂದ ಎಣಿಸುತ್ತದೆ. ಮಗುವಿಗೆ ಮೊದಲನೆಯ ವರ್ಷ ನಡೆಯುತ್ತಿರುವಾಗ ಅದಕ್ಕೆ ತುಂಬಿದ ವರ್ಷಗಳು ಸೊನ್ನೆಯಷ್ಟೆ. ಎರಡು ಲೆಕ್ಕಗಳೂ ಸರಿಯೇ. ಬೇರೊಬ್ಬ ತಯಾರಕರು ತಮ್ಮ ಕೈಪಿಡಿಯಲ್ಲಿ ತಂತಿಯ ಅಂಕಿಯಾದ 107ನ್ನೇ ಅಚ್ಚುಮಾಡಿ, ಅದಕ್ಕೂ ರಿಜಿಸ್ಟರಿನ ಸಂಖ್ಯೆಯೆಂದೇ ಹೆಸರಿಡುತ್ತಾರೆ. ಎಂಜಿನಿಯರು ಅಭ್ಯಾಸಬಲದಿಂದ ಅದರಲ್ಲಿಯೂ ಒಂದನ್ನು ಕಳೆದರೆ ಪಕ್ಕದ ಗೂಡಿಗೆ ಕೈಹಾಕಿದಂತಾಗುತ್ತದೆ. ಅಲ್ಲಿ ಒತ್ತಡವಿದ್ದರೆ ಪರದೆಯ ಮೇಲೆ ಒತ್ತಡದ ಅಂಕಿಯೇ ಉಷ್ಣತೆಯಾಗಿ ಮೂಡುತ್ತದೆ.

ತಂತಿಯಲ್ಲಿ ತಪ್ಪನ್ನು ಹಿಡಿಯುವ ವ್ಯವಸ್ಥೆಯಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ. ಪ್ರತಿಯೊಂದು ಸಂದೇಶದ ಕೊನೆಯಲ್ಲಿ ಆ ಸಂದೇಶದಿಂದಲೇ ಗಣಿಸಿದ ಪರೀಕ್ಷಾಸಂಖ್ಯೆಯೊಂದು ಬರುತ್ತದೆ. ಪಡೆದ ಉಪಕರಣವು ಲೆಕ್ಕವನ್ನು ಮತ್ತೆ ಮಾಡಿ ನೋಡುತ್ತದೆ. ವಿದ್ಯುತ್ತಿನ ಗದ್ದಲದಿಂದ ಒಂದೇ ಒಂದು ಅಂಶ ಕೆಟ್ಟಿದ್ದರೂ ಲೆಕ್ಕ ಕೂಡುವುದಿಲ್ಲ, ಸಂದೇಶವನ್ನು ಕೈಬಿಡಲಾಗುತ್ತದೆ. ಆದರೆ ತಪ್ಪು ಗೂಡಿನ ಪ್ರಶ್ನೆಯಲ್ಲಿ ಕೆಟ್ಟಿರುವುದೇನೂ ಇಲ್ಲ. ಪ್ರಶ್ನೆಯೂ ಉತ್ತರವೂ ಅಕ್ಷರಶಃ ಶುದ್ಧ. ಆದುದರಿಂದಲೇ ಅನುಭವಸ್ಥರು ಹೊಸ ಉಪಕರಣವನ್ನು ಜೋಡಿಸಿದಾಗ, ಮೊದಲೇ ತಿಳಿದ ಉಷ್ಣತೆಯೊಂದನ್ನು ಅದಕ್ಕೆ ಒಡ್ಡಿ, ಪರದೆಯ ಮೇಲೆ ಅದೇ ಬರುವುದೋ ಎಂದು ನೋಡಿಯೇ ಮುಂದುವರಿಯುತ್ತಾರೆ.

ತಂತಿಗಳ ಹೆಸರಿನಲ್ಲಿಯೂ ಇಂಥ ವಿವಾದವೊಂದುಂಟು. ಆರ್‌ಎಸ್–485 ಎಂಬ ಮಾನಕವು ಜೋಡಿ ತಂತಿಗಳಿಗೆ ಎ ಮತ್ತು ಬಿ ಎಂದು ಹೆಸರಿಟ್ಟಿತು. ಅದು ಎ ಎಂದುದನ್ನೇ ಅನೇಕ ತಯಾರಕರು ಬಿ ಎಂದು ಗುರುತುಮಾಡಿದರು. ಮೋಡ್‌ಬಸ್‌ನವರು ಬೇಸತ್ತರೋ ಏನೋ, ತಮ್ಮ ನಿಯಮದಲ್ಲಿ ಡಿ–0, ಡಿ–1 ಎಂದು ಬೇರೆ ಹೆಸರುಗಳನ್ನೇ ಇಟ್ಟುಕೊಂಡರು. ಇಲ್ಲಿ ಮಾತ್ರ ತಪ್ಪಿದವನು ಮೋಸಹೋಗುವುದಿಲ್ಲ: ತಂತಿಗಳು ಅದಲುಬದಲಾದ ಉಪಕರಣವು ಸುಳ್ಳು ಸುದ್ದಿ ಹೇಳುವುದಿಲ್ಲ, ಉತ್ತರವನ್ನೇ ಕೊಡದೆ ಸುಮ್ಮನಿರುತ್ತದೆ. ಎರಡು ತಿರುಪುಗಳನ್ನು ಸಡಿಲಿಸಿ ತಂತಿಗಳನ್ನು ಬದಲಿಸಿದರೆ ಮಾತು ಹೊರಡುತ್ತದೆ.