ಮೂಕವಾದ ಪ್ರವರ್ಧಕಕ್ಕೆ ಚಿಕಿತ್ಸೆ

ಮದ್ದೂರಿನ ಸಮೀಪದಲ್ಲಿ, ಶಿಂಷಾ ನದಿಯ ದಡದ ಮೇಲೆ ವೈದ್ಯನಾಥೇಶ್ವರನ ಸನ್ನಿಧಿಯಿರುವ ಊರು ವೈದ್ಯನಾಥಪುರ. ಊರಿನ ಹೆಸರಿನಲ್ಲಿಯೇ ವೈದ್ಯನಿದ್ದಾನೆ. ನಿಜವಾದ ವೈದ್ಯನು ರೋಗಿಯನ್ನು ಕಂಡೊಡನೆ ಔಷಧವನ್ನು ಕೊಡುವುದಿಲ್ಲ. ನಾಡಿಯನ್ನು ಹಿಡಿದು ನೋಡಿ, ರೋಗದ ಮೂಲವನ್ನು ತಿಳಿದು, ಆಮೇಲೆ ಚಿಕಿತ್ಸೆಗೆ ತೊಡಗುತ್ತಾನೆ. ಕೆಟ್ಟ ಯಂತ್ರಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಸೀಮೆಯ ರಸ್ತೆಗಳಲ್ಲಿ ಹಾಡನ್ನು ಮೊಳಗಿಸುತ್ತ ಸಾಗುವ ಟ್ರಾಕ್ಟರುಗಳನ್ನು ವಾಚಕರು ಕಂಡಿರಬಹುದು. ಅಲ್ಲಿಯೂ ಕಾರುಗಳಲ್ಲಿಯೂ ಹಾಡಿಗೆ ಬಲವನ್ನು ಕೊಡುವ ಸಾಧನವೇ ಆಂಪ್ಲಿಫೈಯರು, ಅರ್ಥಾತ್ ಪ್ರವರ್ಧಕ. ಅದು ಒಂದು ದಿನ ಮೂಕವಾದರೆ ದೋಷವನ್ನು ಹುಡುಕುವ ಕ್ರಮ ಯಾವುದು? ಶಾಲೆಯಲ್ಲಿ ಕಲಿತ ಓಮ್ ನಿಯಮವು ಈ ಕಾರ್ಯದಲ್ಲಿ ನಮ್ಮನ್ನು ಎಷ್ಟು ದೂರ ಕರೆದೊಯ್ಯಬಲ್ಲದೆಂಬುದನ್ನು ಇಲ್ಲಿ ವಿಚಾರಿಸೋಣ.

ರೋಗವನ್ನು ಅರಿಯುವುದಕ್ಕೆ ಮೊದಲು ಶರೀರವನ್ನು ಅರಿಯಬೇಕು. ವಾಹನದ ಬ್ಯಾಟರಿಯ ವಿಭವಾಂತರ ಸುಮಾರು 12 ವೋಲ್ಟು. ಎಂಜಿನು ಓಡುತ್ತಿರುವಾಗ ಅದು ಸುಮಾರು 14 ವೋಲ್ಟಿಗೆ ಏರುತ್ತದೆ. ಈ 14 ವೋಲ್ಟನ್ನು ಪೂರ್ಣವಾಗಿ ಎರಡು ದಿಕ್ಕುಗಳಲ್ಲಿಯೂ 4 ಓಮಿನ ಸ್ಪೀಕರಿಗೆ ಒದಗಿಸಿದೆವೆಂದೇ ಇಟ್ಟುಕೊಳ್ಳೋಣ. ಶುದ್ಧವಾದ ಒಂದು ಸ್ವರದಲ್ಲಿ ದೊರೆಯುವ ಸಾಮರ್ಥ್ಯವನ್ನು ತಿಳಿಯಲು 14ರ ವರ್ಗವನ್ನು ರೋಧದ ಎರಡರಷ್ಟರಿಂದ, ಎಂದರೆ 8ರಿಂದ, ಭಾಗಿಸಬೇಕು. ಬರುವುದು ಸುಮಾರು 24 ವಾಟು ಮಾತ್ರ. ವಿಭವಾಂತರವನ್ನು 30 ವೋಲ್ಟಿಗೆ ಏರಿಸಿದರೆ ಅದೇ ಸ್ಪೀಕರಿಗೆ 112 ವಾಟು ದೊರೆಯುತ್ತದೆ. ಆದುದರಿಂದ ದೊಡ್ಡ ಪ್ರವರ್ಧಕವು ಮೊದಲು ವಿಭವಾಂತರವನ್ನು ಹೆಚ್ಚಿಸಿಕೊಳ್ಳಲೇಬೇಕು.

ಹೆಚ್ಚಿಸುವ ಬಗೆ ಹೇಗೆ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಆ ಕೆಲಸವನ್ನು ಟ್ರಾನ್ಸ್‌ಫಾರ್ಮರುಗಳು ಮಾಡಿದವು. ಅಲ್ಲಿ ಉತ್ಪನ್ನವಾಗುತ್ತಿದ್ದುದು ದಿಕ್ಕು ಬದಲಿಸುವ ಪರ್ಯಾಯ ಪ್ರವಾಹ. ಬ್ಯಾಟರಿಯದಾದರೋ ನೇರ ಪ್ರವಾಹ. ಕಾಂತಕ್ಷೇತ್ರವು ಬದಲಾಗುತ್ತಿದ್ದರೆ ಮಾತ್ರ ಎರಡನೆಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಫ್ಯಾರಡೆಯು 1831ರಲ್ಲಿಯೇ ತೋರಿಸಿಕೊಟ್ಟನು. ಆದುದರಿಂದ ನೇರ ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಕೊಡಬೇಕು. ಕವಾಟಗಳಿದ್ದ ಹಳೆಯ ಕಾರ್ ರೇಡಿಯೋಗಳಲ್ಲಿ ಈ ಕೆಲಸವನ್ನು ಕಂಪಿಸುವ ಒಂದು ಲೋಹದ ನಾಲಗೆ ಮಾಡುತ್ತಿತ್ತು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳ ತಯಾರಿಕೆಯನ್ನು ಕೈಗೊಂಡಿತು. ಇಂದಿನ ಪ್ರವರ್ಧಕದಲ್ಲಿ ಮಾಸ್‌ಫೆಟ್ ಎಂಬ ಜಾತಿಯ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಪ್ರವಾಹವನ್ನು ಕತ್ತರಿಸುತ್ತವೆ. ಬಳೆಯಾಕಾರದ ಟ್ರಾನ್ಸ್‌ಫಾರ್ಮರು ಅದನ್ನು ಏರಿಸುತ್ತದೆ. ಹೀಗೆ ಪ್ರವರ್ಧಕದೊಳಗೆ ಎರಡು ಅಂಗಗಳಿವೆ: ಶಕ್ತಿಯನ್ನು ಸಿದ್ಧಪಡಿಸುವ ಅಂಗ, ಹಾಡನ್ನು ಹಿಗ್ಗಿಸುವ ಅಂಗ.

ಈಗ ವೈದ್ಯನಾಥಪುರದ ರೈತನೊಬ್ಬನ ಟ್ರಾಕ್ಟರಿನಲ್ಲಿ ಪ್ರವರ್ಧಕವು ಮೂಕವಾಗಿದೆಯೆಂದು ಭಾವಿಸೋಣ. ಪೆಟ್ಟಿಗೆಯನ್ನು ಬಿಚ್ಚುವ ಆತುರ ಬೇಡ. ಅದಕ್ಕೆ ಮೂರು ತಂತಿಗಳು ಮುಖ್ಯ: ಬ್ಯಾಟರಿಯ ಧನ ತಂತಿ, ವಾಹನದ ಚೌಕಟ್ಟಿಗೆ ಸೇರಿದ ಋಣ ತಂತಿ, ಹಾಗೂ ‘ಕೆಲಸ ಆರಂಭಿಸು’ ಎಂದು ಆಜ್ಞೆಯನ್ನು ತರುವ ರಿಮೋಟು ತಂತಿ. ಮಲ್ಟಿಮೀಟರಿನಿಂದ ಋಣ ತುದಿಗೂ ಉಳಿದೆರಡು ತುದಿಗಳಿಗೂ ನಡುವಣ ವಿಭವಾಂತರವನ್ನು ಅಳೆಯಬೇಕು. ಎರಡು ಕಡೆಯೂ 12 ವೋಲ್ಟು ಕಾಣದಿದ್ದರೆ ದೋಷವು ಹೊರಗಿದೆ. ಮೌನವಾಗಿರುವಾಗ 12 ವೋಲ್ಟು ಇದ್ದು, ಹಾಡು ಜೋರಾದಾಗ ಕುಸಿಯುವುದೂ ಉಂಟು. ತುಕ್ಕು ಹಿಡಿದ ಜೋಡಣೆಯ ರೋಧವು ಕೇವಲ 0.05 ಓಮ್ ಆಗಿರಲಿ. 30 ಆಂಪಿಯರು ಹರಿದಾಗ ಅಲ್ಲಿ 1.5 ವೋಲ್ಟು ನಷ್ಟವಾಗಿ, 45 ವಾಟಿನಷ್ಟು ಶಾಖವು ಆ ಒಂದು ಬಿಂದುವಿನಲ್ಲಿ ಹುಟ್ಟುತ್ತದೆ. ಅಂಥಲ್ಲಿ ಚೌಕಟ್ಟಿನ ಬಣ್ಣವನ್ನು ಕೆರೆದು ತಂತಿಯನ್ನು ಬಿಗಿಗೊಳಿಸುವುದೇ ಚಿಕಿತ್ಸೆ.

ಹೊರಗಿನ ತಂತಿಗಳು ಸರಿಯಾಗಿದ್ದು, ರಕ್ಷಣೆಯ ಕೆಂಪು ದೀಪ ಉರಿಯುತ್ತಿದ್ದರೆ ಸ್ಪೀಕರುಗಳ ತಂತಿಯನ್ನು ಕಳಚಿ ನೋಡಬೇಕು. ಪ್ರವರ್ಧಕವು ಆರಿರುವಾಗಲೇ ಕಳಚಿ, ಮತ್ತೆ ಹೊತ್ತಿಸಿದಾಗ ದೀಪವು ಉರಿಯದಿದ್ದರೆ, ತಪ್ಪು ಬಹುಮಟ್ಟಿಗೆ ಸ್ಪೀಕರಿನಲ್ಲಿ ಅಥವಾ ಅದರ ತಂತಿಯಲ್ಲಿದೆ, ಉರಿದರೆ ಪೆಟ್ಟಿಗೆಯೊಳಗಿದೆ. ಈ ಒಂದೇ ಪರೀಕ್ಷೆಯಿಂದ ಹುಡುಕಬೇಕಾದ ಕ್ಷೇತ್ರವು ಅರ್ಧವಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಒಳಗಿನ ಪರೀಕ್ಷೆಗೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುದಂಶವು ಇಳಿಯುವವರೆಗೆ ಕಾಯಬೇಕು. ಬಳಿಕ ಮೊದಲು ಕಣ್ಣಿಗೆ ಕೆಲಸ: ಉಬ್ಬಿದ ಕೆಪಾಸಿಟರು, ಕಪ್ಪಾದ ಹಲಗೆ, ಹೊಲದ ದಾರಿಯ ಕುಲುಕಾಟದಿಂದ ಬಿರಿದ ಬೆಸುಗೆ ಇವು ಎದ್ದು ಕಾಣುತ್ತವೆ. ಅನಂತರ ಮಾಸ್‌ಫೆಟ್‌ಗಳ ರೋಧವನ್ನು ಅಳೆಯಬೇಕು. ಡ್ರೈನ್ ಮತ್ತು ಸೋರ್ಸ್ ತುದಿಗಳ ನಡುವೆ ಎರಡು ದಿಕ್ಕಿನಲ್ಲಿಯೂ ರೋಧವು ಶೂನ್ಯಕ್ಕೆ ಸಮೀಪವಾಗಿದ್ದರೆ ಆ ಗುಂಪಿನಲ್ಲಿ ಯಾವುದೋ ಒಂದು ಸತ್ತಿದೆಯೆಂದು ಸಂಶಯಿಸಬೇಕು. ಅವು ಒಂದರ ಪಕ್ಕದಲ್ಲೊಂದು ಸಮಾಂತರವಾಗಿ ಸೇರಿರುವುದರಿಂದ, ಅಪರಾಧಿಯನ್ನು ಗುರುತಿಸಲು ಒಂದೊಂದನ್ನೇ ಬಿಡಿಸಿ ಅಳೆಯಬೇಕಾಗುತ್ತದೆ. ಹೊಸದನ್ನು ಹಾಕುವಾಗ ಗುಂಪನ್ನೆಲ್ಲ ಒಂದೇ ಸಂಖ್ಯೆಯವುಗಳಿಂದ ಬದಲಿಸುವುದು ಲೇಸು. ಅವುಗಳಿಗೂ ಲೋಹದ ಕವಚಕ್ಕೂ ನಡುವೆ ಇರುವ ಅಭ್ರಕದ ಹಾಳೆ ಹರಿದಿಲ್ಲವೆಂಬುದನ್ನೂ ನೋಡಬೇಕು.

ರಿಪೇರಿಯಾದ ಪ್ರವರ್ಧಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಲಾಗದು. ಅನುಭವಿಗಳಾದ ಕುಶಲಕರ್ಮಿಗಳು ಧನ ತಂತಿಯೊಡನೆ ಶ್ರೇಣಿಯಲ್ಲಿ ವಾಹನದ ಹೆಡ್‌ಲೈಟಿನ ಬಲ್ಬೊಂದನ್ನು ಸೇರಿಸುತ್ತಾರೆ. 12 ವೋಲ್ಟಿನ 55 ವಾಟು ಬಲ್ಬಿನಲ್ಲಿ ಹೆಚ್ಚೆಂದರೆ ಸುಮಾರು 4.6 ಆಂಪಿಯರು ಹರಿಯಬಲ್ಲದು. ಬಲ್ಬು ಕ್ಷಣಕಾಲ ಮಿನುಗಿ ಮಂಕಾದರೆ ಶುಭಸೂಚನೆ. ಪೂರ್ಣಪ್ರಭೆಯಿಂದ ಉರಿದರೆ ಒಳಗೆ ಇನ್ನೂ ಮಂಡಲದ ಅಡ್ಡದಾರಿಯಿದೆ. ಸ್ಪೀಕರಿನ ತುದಿಗಳಲ್ಲಿ ನೇರ ವಿಭವಾಂತರವೂ ಬಹುಮಟ್ಟಿಗೆ ಶೂನ್ಯವಾಗಿರಬೇಕು. ಅಲ್ಲಿ 20 ವೋಲ್ಟು ನಿಂತಿದ್ದರೆ 4 ಓಮಿನ ಸುರುಳಿಯಲ್ಲಿ 100 ವಾಟು ಶಾಖವಾಗಿ, ಸ್ಪೀಕರು ಸುಟ್ಟುಹೋಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇಷ್ಟಕ್ಕೇ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಟ್ರಾನ್ಸಿಸ್ಟರು ಸತ್ತದ್ದೇಕೆ? ಧ್ವನಿ ಸಾಲದೆಂದು 4 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಸೇರಿಸಿದರೆ ರೋಧವು 2 ಓಮಿಗೆ ಇಳಿದು, ಪ್ರವಾಹವು ಇಮ್ಮಡಿಯಾಗುತ್ತದೆ. ಪ್ರವರ್ಧಕವು ಅದಕ್ಕೆ ತಕ್ಕಂತೆ ರಚಿತವಾಗಿರದಿದ್ದರೆ, ಹೊಸ ಟ್ರಾನ್ಸಿಸ್ಟರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕಾರಣವನ್ನು ನಿವಾರಿಸದ ರಿಪೇರಿಯು ರೈತನ ಹಣವನ್ನು ಎರಡು ಸಲ ಕಳೆಯುತ್ತದೆ.

ಇದಕ್ಕಿಂತಲೂ ಘೋರವಾದದ್ದು ಫ್ಯೂಸಿನ ವಿಷಯದ ಅಲಕ್ಷ್ಯ. ಫ್ಯೂಸು ಪದೇಪದೇ ಕರಗುತ್ತದೆಂದು ಅದರ ಸ್ಥಾನದಲ್ಲಿ ತಾಮ್ರದ ತಂತಿಯನ್ನು ಸುತ್ತುವವರಿದ್ದಾರೆ. 12 ವೋಲ್ಟು ಮುಟ್ಟಿದರೆ ನಮಗೆ ಆಘಾತವಾಗುವುದಿಲ್ಲವಷ್ಟೆ, ಅದರಿಂದ ಅಪಾಯವೇನೆಂದು ಅವರು ಕೇಳುತ್ತಾರೆ. ಆದರೆ ಒಳ್ಳೆಯ ಬ್ಯಾಟರಿಯ ಆಂತರಿಕ ರೋಧವು ಸುಮಾರು ಓಮಿನ ನೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗಿದರೆ ನೂರಾರು ಆಂಪಿಯರು ಹರಿದು, ತಂತಿಯು ಕಾದು ಕೆಂಪಾಗಿ, ಒಣಗಿದ ಕಬ್ಬಿನ ತರಗು ಹೊತ್ತಿಕೊಳ್ಳಬಹುದು. ಆದುದರಿಂದ ತಕ್ಕ ಆಂಪಿಯರಿನ ಫ್ಯೂಸು ಬ್ಯಾಟರಿಯ ಸಮೀಪದಲ್ಲಿಯೇ ಇರತಕ್ಕದ್ದು. ಕರಗಿದ ಫ್ಯೂಸು ರೋಗವಲ್ಲ, ರೋಗದ ಲಕ್ಷಣ.

ಬ್ಯಾಟರಿಯಿಂದ ಸ್ಪೀಕರಿನವರೆಗೆ ಪ್ರವಾಹದ ದಾರಿಯನ್ನು ಹಿಡಿದು, ಪ್ರತಿಯೊಂದು ನಿಲ್ದಾಣದಲ್ಲಿಯೂ ಅಳೆಯುತ್ತ ಹೋದರೆ ದೋಷವು ಅಡಗಿ ಕುಳಿತುಕೊಳ್ಳಲಾರದು. ಇದಕ್ಕೆ ಬೇಕಾದದ್ದು ಒಂದು ಸಾಧಾರಣ ಮೀಟರು, ಒಂದು ಬೆಸುಗೆಯ ಕಡ್ಡಿ ಮತ್ತು ತಾಳ್ಮೆ. ಪಠ್ಯಪುಸ್ತಕದ ನಿಯಮಗಳನ್ನು ಪರೀಕ್ಷೆಗೆ ಓದಿ ಮರೆಯದೆ, ಬೇಸಗೆಯ ರಜೆಯಲ್ಲಿ ಹಿರಿಯ ಕುಶಲಕರ್ಮಿಯೊಬ್ಬರ ಬಳಿ ಕುಳಿತು ಹಳೆಯ ಪ್ರವರ್ಧಕವೊಂದರ ಮೇಲೆ ಪ್ರಯೋಗಿಸಿ ನೋಡುವಂತೆ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ವಿನಂತಿಸುತ್ತೇವೆ.