ಹೊಸ ಗಿಟಾರಿಗೆ ಹಳೆಯ ಗಾಯ

2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ ಮಾರಾಟಕ್ಕೆ ಬಂದ ಎಲೆಕ್ಟ್ರಿಕ್ ಗಿಟಾರೊಂದರ ಮೈಮೇಲೆ ಬಣ್ಣ ಉಳಿದದ್ದಕ್ಕಿಂತ ಉದುರಿದ್ದೇ ಹೆಚ್ಚಾಗಿತ್ತು. ಫೆಂಡರ್ ಕಂಪನಿಯ 1961ರ ಸ್ಟ್ರಾಟೊಕ್ಯಾಸ್ಟರ್ ಅದು. ಐರ್ಲೆಂಡಿನ ಬ್ಲೂಸ್ ವಾದಕ ರೋರಿ ಗ್ಯಾಲಹರ್ 1963ರಲ್ಲಿ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಕಾರ್ಕ್ ನಗರದ ಅಂಗಡಿಯೊಂದರಿಂದ ಸುಮಾರು 100 ಪೌಂಡಿಗೆ ಅದನ್ನು ತಂದಿದ್ದರು. 1995ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ನಡುವೆ ಡಬ್ಲಿನ್ನಿನಲ್ಲಿ ಕಳುವಾಯಿತು. ಕೆಲವು ದಿನಗಳ ಮೇಲೆ ಮಳೆಯಲ್ಲಿ ನೆನೆದ ಸ್ಥಿತಿಯಲ್ಲಿ ಸಿಕ್ಕಿತು. ವೇದಿಕೆ ಮೇಲೆ ಧಾರಾಕಾರವಾಗಿ ಬೆವರುತ್ತಿದ್ದ ಗ್ಯಾಲಹರ್ ಅವರ ಉಪ್ಪುಬೆವರೇ ಮುಂದಿನ ವರ್ಷಗಳಲ್ಲಿ ಅದರ ಬಣ್ಣವನ್ನು ತಿಂದುಹಾಕಿತು. ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 8,89,400 ಪೌಂಡ್. ಈಗ ಅದು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ವತ್ತು.

ಇದೇ ಗಿಟಾರಿನ ತದ್ರೂಪನ್ನು ಫೆಂಡರ್ ಮಾರುತ್ತದೆ. ಮರ ಹೊಸದು, ತಂತಿ ಹೊಸದು, ಒಳಗಿನ ವೈರಿಂಗ್ ಹೊಸದು. ಬಣ್ಣ ಮಾತ್ರ ಗ್ಯಾಲಹರ್ ಅವರ ಗಿಟಾರಿನಲ್ಲಿ ಎಲ್ಲೆಲ್ಲಿ ಹೋಗಿದೆಯೋ ಅಲ್ಲಲ್ಲೇ ಕೆರೆದು ತೆಗೆದದ್ದು. ಮೂವತ್ತು ವರ್ಷಗಳ ಬೆವರು ಮಾಡಿದ ಕೆಲಸವನ್ನು ಕಾರ್ಖಾನೆಯ ಕುಶಲಕರ್ಮಿಯೊಬ್ಬರು ಕೆಲವೇ ದಿನಗಳಲ್ಲಿ ಮಾಡಿ ಮುಗಿಸುತ್ತಾರೆ. ಗಿಟಾರ್ ಲೋಕದಲ್ಲಿ ಇದಕ್ಕೆ ರೆಲಿಕ್ ಎಂದು ಹೆಸರು. ಈ ಹೆಸರು ಕಿವಿಗೆ ಬಿದ್ದರೆ ಸಾಕು, ವಾದಕರು ಎರಡು ಪಾಳಯವಾಗಿ ಒಡೆಯುತ್ತಾರೆ. ಮೂರು ದಶಕ ಕಳೆದರೂ ಜಗಳ ಮುಗಿದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೆಂಡರ್ 1987ರಲ್ಲಿ ಕಸ್ಟಮ್ ಶಾಪ್ ಎಂಬ ವಿಭಾಗ ತೆರೆಯಿತು. ಹೆಸರಾಂತ ವಾದಕರಿಗೆ ಬೇಕಾದಂತೆ ಒಂದೊಂದೇ ಗಿಟಾರನ್ನು ಕೈಯಿಂದ ಮಾಡಿಕೊಡುವುದು ಅದರ ಕೆಲಸ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ತಮಗಾಗಿ ಮಾಡಿದ ಪಳಪಳಿಸುವ ಗಿಟಾರುಗಳನ್ನು ನೋಡಿ, ಇವುಗಳನ್ನು ಸ್ವಲ್ಪ ಬಡಿದು ಕೊಡಿ ಎಂದರೆಂಬ ಕಥೆ ಬಾಯಿಂದ ಬಾಯಿಗೆ ಹಬ್ಬಿದೆ. ಕಥೆ ಹೇಗೇ ಇರಲಿ, ಅಲ್ಲಿನ ಜೆ.ಡಬ್ಲ್ಯೂ. ಬ್ಲ್ಯಾಕ್ ಮತ್ತು ಹೊರಗಿನ ಕುಶಲಕರ್ಮಿ ವಿನ್ಸ್ ಕುನೆಟ್ಟೊ ಸೇರಿ ಎರಡು ಹೊಸ ಗಿಟಾರುಗಳಿಗೆ ಮುಪ್ಪಿನ ವೇಷ ತೊಡಿಸಿದರು. ಸಂಗೀತ ವಾದ್ಯಗಳ 1995ರ ನ್ಯಾಮ್ ವ್ಯಾಪಾರ ಮೇಳದಲ್ಲಿ ಅವನ್ನು ಇಟ್ಟಾಗ ಕೊಳ್ಳುವವರು ಮುಗಿಬಿದ್ದರು. ಮುಂದಿನ ನಾಲ್ಕು ವರ್ಷ ಮಿಸ್ಸೌರಿ ರಾಜ್ಯದ ತಮ್ಮ ಕಾರ್ಯಾಗಾರದಲ್ಲಿ ಕುನೆಟ್ಟೊ ಬಣ್ಣ ಬಳಿದು, ಸವೆಸಿ, ಕ್ಯಾಲಿಫೋರ್ನಿಯಾಕ್ಕೆ ಕಳಿಸುತ್ತಿದ್ದರು. 1999ರಲ್ಲಿ ಫೆಂಡರ್ ಆ ಕೆಲಸವನ್ನು ತನ್ನ ಮನೆಯೊಳಗೇ ತಂದುಕೊಂಡಿತು. ಕುನೆಟ್ಟೊ ಕೈಯಿಂದ ಹೊರಟ ಆ ಆರಂಭದ ಗಿಟಾರುಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನಕಲಿ ಮುಪ್ಪಿಗೂ ಈಗ ನಿಜವಾದ ವಯಸ್ಸಾಗಿದೆ.

ಗಿಬ್ಸನ್ ಕಂಪನಿಯಲ್ಲಿ ಇದೇ ವಿದ್ಯೆಗೆ ಹೆಸರಾದವರು ಟಾಮ್ ಮರ್ಫಿ. ಅವರ ಹೆಸರಿನಲ್ಲೇ ಮರ್ಫಿ ಲ್ಯಾಬ್ ಎಂಬ ವಿಭಾಗ ನ್ಯಾಶ್‌ವಿಲ್‌ನಲ್ಲಿ ನಡೆಯುತ್ತಿದೆ. ಅಲ್ಲಿ ಮುಪ್ಪಿಗೆ ದರ್ಜೆಗಳಿವೆ: ಅಲ್ಟ್ರಾ ಲೈಟ್, ಲೈಟ್, ಹೆವಿ, ಅಲ್ಟ್ರಾ ಹೆವಿ. ಸವೆತ ಹೆಚ್ಚಿದಷ್ಟೂ ಬೆಲೆ ಏರುತ್ತದೆ. ರೆಲಿಕ್ ವಿರೋಧಿಗಳ ಸಿಟ್ಟಿಗೆ ಮೊದಲ ಕಾರಣವೇ ಇದು. ಹೊಸ ವಸ್ತುವನ್ನು ಹಾಳುಮಾಡಿದ್ದಕ್ಕೆ ಹೆಚ್ಚು ಹಣ ಏಕೆ ತೆರಬೇಕು ಎಂದು ಅವರು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದು. ಆದರೆ ಉತ್ತರಕ್ಕೆ ಮೊದಲು ಗಿಟಾರಿನ ಬಣ್ಣದ ಕಡೆ ನೋಡಬೇಕು. ಈ ಇಡೀ ಜಗಳದ ಬೇರು ಅಲ್ಲಿದೆ.

1950ರ ದಶಕದಲ್ಲಿ ಲಿಯೊ ಫೆಂಡರ್ ತಮ್ಮ ಗಿಟಾರುಗಳಿಗೆ ಬಳಸಿದ್ದು ಕಾರುಗಳಿಗೆ ಬಳಿಯುತ್ತಿದ್ದ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಹೆಚ್ಚುವರಿ ಬಣ್ಣಗಳೂ ಕಾರಿನ ಬಣ್ಣಗಳೇ: ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿನದು, ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು. ಈ ಲ್ಯಾಕರ್ ತೆಳು. ಒಣಗಿದ ಮೇಲೂ ಅದರೊಳಗಿನ ದ್ರಾವಕ ವರ್ಷಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಪದರ ಕುಗ್ಗುತ್ತದೆ, ಬಿರುಸಾಗುತ್ತದೆ. ಚಳಿಗಾಲದ ರಾತ್ರಿ ವ್ಯಾನಿನಲ್ಲಿ ಮರಗಟ್ಟಿದ ಗಿಟಾರನ್ನು ಬೆಚ್ಚನೆಯ ಸಭಾಂಗಣಕ್ಕೆ ತಂದು ಪೆಟ್ಟಿಗೆ ತೆರೆದರೆ, ಮರ ಒಂದು ವೇಗದಲ್ಲಿ ಹಿಗ್ಗುತ್ತದೆ, ಬಣ್ಣ ಇನ್ನೊಂದು ವೇಗದಲ್ಲಿ. ಕೂದಲೆಳೆಯಂಥ ಬಿರುಕುಗಳು ಮೈತುಂಬ ಹರಡುತ್ತವೆ. ಬಿಸಿಲು ಮತ್ತು ಗಾಳಿಗೆ ಮೇಲಿನ ಪಾರದರ್ಶಕ ಪದರ ಹಳದಿಗಟ್ಟುವುದರಿಂದ ಒಲಿಂಪಿಕ್ ವೈಟ್ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ, ನೀಲಿ ಗಿಟಾರ್ ಹಸಿರಾಗುತ್ತದೆ. 1958ರಿಂದ 1960ರವರೆಗಿನ ಗಿಬ್ಸನ್ ಲೆಸ್ ಪಾಲ್ ಗಿಟಾರುಗಳಲ್ಲಿ ಕೆಂಪು ಬಣ್ಣ ಬೆಳಕಿಗೆ ಮಾಸಿ, ಒಂದೊಂದು ಗಿಟಾರ್ ಒಂದೊಂದು ಛಾಯೆ ತಳೆಯಿತು. ಕೆಲವು ಜೇನಿನಂತಾದವು, ಕೆಲವು ನಿಂಬೆಯಂತಾದವು. ಕಾರ್ಖಾನೆಯಿಂದ ಒಂದೇ ರೀತಿ ಹೊರಟವು ಐವತ್ತು ವರ್ಷಗಳಲ್ಲಿ ಒಂದರಂತೆ ಒಂದಿಲ್ಲದಂತಾದವು.

1960ರ ದಶಕದ ಕೊನೆಗೆ ಫೆಂಡರ್ ಪಾಲಿಯೆಸ್ಟರ್ ಕಡೆ ಹೊರಳಿತು. ಬೇಗ ಒಣಗುತ್ತದೆ, ಕೈಗೆಲಸ ಕಡಿಮೆ, ಗಟ್ಟಿಯೂ ಹೌದು. ಇಂದು ಜಗತ್ತಿನ ಬಹುಪಾಲು ಗಿಟಾರುಗಳಿಗೆ ಬಳಿಯುವುದು ಇದನ್ನು ಅಥವಾ ಇದರ ಬಳಗದ ಪಾಲಿಯುರೆಥೇನನ್ನು. ಈ ದಪ್ಪ ಪದರ ಸುಲಭಕ್ಕೆ ಸವೆಯುವುದಿಲ್ಲ, ಮಾಸುವುದಿಲ್ಲ. ಜೋರಾಗಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ, ಅಷ್ಟೆ. ಹತ್ತು ವರ್ಷ ದಿನವೂ ನುಡಿಸಿದರೂ ಗಿಟಾರಿನ ಮೈ ಮೊದಲ ದಿನದಂತೆಯೇ ಹೊಳೆಯುತ್ತದೆ. ವಾದಕನ ಕೈ ಅದರ ಮೇಲೆ ಏನನ್ನೂ ಬರೆಯಲಾರದು. ವಾದ್ಯ ತಾನಾಗಿ ಹಳತಾಗುವುದನ್ನು ನಿಲ್ಲಿಸಿದ ಮೇಲೆಯೇ ಅದನ್ನು ಹಳತು ಮಾಡುವುದು ಒಂದು ಉದ್ಯೋಗವಾಯಿತು. ರೆಲಿಕ್ ಬಗ್ಗೆ ಪರ-ವಿರೋಧ ಮಾತಾಡುವವರು ಈ ಕಾರಣವನ್ನು ಸಾಕಷ್ಟು ಗಮನಿಸುವುದಿಲ್ಲ.

ಹಳತು ಮಾಡುವ ವಿಧಾನಗಳು ನೋಡಲು ಸೊಗಸು. ಧೂಳು ಹೊಡೆಯುವ ಗಾಳಿಡಬ್ಬಿಯನ್ನು ತಲೆಕೆಳಗು ಹಿಡಿದು ಸಿಂಪಡಿಸಿದರೆ ಲ್ಯಾಕರ್ ಕ್ಷಣದಲ್ಲಿ ಹಿಮಗಟ್ಟಿ ಬಿರಿಯುತ್ತದೆ. ಮರ್ಫಿ ಮೊದಲ ವರ್ಷಗಳಲ್ಲಿ ಬ್ಲೇಡಿನಿಂದ ಒಂದೊಂದೇ ಬಿರುಕನ್ನು ಗೀರುತ್ತಿದ್ದರು. ಆಮ್ಲದ ಆವಿಗೆ ಒಡ್ಡಿದ ನಿಕ್ಕಲ್ ಭಾಗಗಳು ಹೊಳಪು ಕಳೆದುಕೊಳ್ಳುತ್ತವೆ, ತಿರುಪುಗಳು ತುಕ್ಕು ಹಿಡಿಯುತ್ತವೆ. ಬಿಳಿ ಪ್ಲಾಸ್ಟಿಕ್ ಗುಂಡಿಗಳನ್ನು ಚಹಾ, ಕಾಫಿಯಲ್ಲಿ ನೆನೆಸುವವರಿದ್ದಾರೆ. ಬೀಗದ ಕೈ ಗೊಂಚಲಿನಿಂದ ಬಡಿಯುವುದೂ ಉಂಟು.

ಕಷ್ಟ ಇರುವುದು ಎಲ್ಲಿ ಸವೆಸಬೇಕು ಎಂಬುದರಲ್ಲಿ. ನಿಜವಾದ ಸವೆತಕ್ಕೆ ದೇಹದ ಲೆಕ್ಕವಿದೆ. ಬಲಗೈಯ ಮುಂದೋಳು ಒರಗುವ ಮೇಲಂಚಿನಲ್ಲಿ ಬಣ್ಣ ಹೋಗುತ್ತದೆ. ಹಿಂಬದಿಯಲ್ಲಿ ಬೆಲ್ಟಿನ ಬಕಲ್ ಗೀಚುತ್ತದೆ. ಗಿಟಾರಿನ ಕತ್ತಿನ ಹಿಂಭಾಗದಲ್ಲಿ ಎಡಗೈ ಹೆಬ್ಬೆರಳು ಓಡಾಡಿದ ದಾರಿ ನುಣ್ಣಗಾಗುತ್ತದೆ. ತಲೆಯ ತುದಿಯಲ್ಲಿ ತಂತಿಗೆ ಸಿಕ್ಕಿಸಿದ ಸಿಗರೇಟು ಸುಟ್ಟ ಕಲೆ ಉಳಿಯುತ್ತದೆ. ಯಾವ ಕೈಯೂ ತಾಗದ ಕಡೆ ಮರಳುಕಾಗದ ಉಜ್ಜಿದ ಗಿಟಾರನ್ನು ಅನುಭವಿ ವಾದಕ ದೂರದಿಂದಲೇ ಗುರುತಿಸುತ್ತಾನೆ. ರೆಲಿಕ್ ಎಂದರೆ ಮೂಗು ಮುರಿಯುವವರ ಪೈಕಿ ಹಲವರು ಸಿಡುಕುವುದು ಇಂಥ ಕೆಟ್ಟ ಕೆಲಸಕ್ಕೆ. ಅದು ಸರಿಯೂ ಹೌದು.

ಉಳಿದವರ ಆಕ್ಷೇಪ ಆಳದ್ದು. ಸವೆತ ಎಂದರೆ ಒಬ್ಬ ಮನುಷ್ಯ ಆ ವಾದ್ಯದೊಂದಿಗೆ ಕಳೆದ ಗಂಟೆಗಳ ಗುರುತು. ನುಡಿಸದೆ ಅದನ್ನು ಧರಿಸುವುದು ಸುಳ್ಳು ಹೇಳಿದಂತೆ ಎನ್ನುತ್ತಾರೆ ಅವರು. ಅಂಗಡಿಯಲ್ಲೇ ಹರಿದು ಮಾರುವ ಜೀನ್ಸ್ ಪ್ಯಾಂಟಿಗೆ ರೆಲಿಕ್ ಅನ್ನು ಹೋಲಿಸುವ ವಾಡಿಕೆಯೂ ಇದೆ. ಎದುರು ಪಾಳಯದವರು ಅದೇ ಹೋಲಿಕೆಯನ್ನು ಹಿಡಿದು, ಜೀನ್ಸ್ ಹಾಕಿದವನನ್ನು ಗಣಿ ಕಾರ್ಮಿಕನೆಂದು ಯಾರೂ ನಂಬುವುದಿಲ್ಲವಲ್ಲ ಎನ್ನುತ್ತಾರೆ. ಅವರ ಇನ್ನೊಂದು ವಾದಕ್ಕೆ ಹೆಚ್ಚು ಬಲವಿದೆ: ಹೊಚ್ಚ ಹೊಸ ಗಿಟಾರಿಗೆ ಮೊದಲ ಗೀರು ಬೀಳುವ ಭಯ ವಾದಕನನ್ನು ಬಿಗಿಯಾಗಿಸುತ್ತದೆ. ಆಗಲೇ ಗೀರಿದ ಗಿಟಾರನ್ನು ಹಿಡಿದವನು ನಿರಾಳವಾಗಿ ನುಡಿಸುತ್ತಾನೆ. ಅಸಲಿ ಐವತ್ತರ ದಶಕದ ಗಿಟಾರ್ ಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ಶಕ್ತಿ ಇದ್ದವರೂ ಅದನ್ನು ಬಸ್ಸಿನಲ್ಲಿ, ವಿಮಾನದಲ್ಲಿ ಹೊತ್ತು ತಿರುಗಲು ಅಂಜುತ್ತಾರೆ.

ಕತ್ತಿನ ವಿಷಯದಲ್ಲಂತೂ ರೆಲಿಕ್ ಪರ ವಾದಕ್ಕೆ ಎದುರಾಡುವುದು ಕಷ್ಟ. ಹೊಳಪು ಬಣ್ಣದ ಕತ್ತಿಗೆ ಬೆವರಿದ ಕೈ ಅಂಟುತ್ತದೆ. ಬಣ್ಣ ಸವೆದು, ಅಂಚುಗಳು ದುಂಡಗಾದ ಕತ್ತಿನ ಮೇಲೆ ಅದೇ ಕೈ ಸಲೀಸಾಗಿ ಜಾರುತ್ತದೆ. ಇದು ಕಣ್ಣಿಗಾಗಿ ಮಾಡಿದ ಅಲಂಕಾರವಲ್ಲ, ನುಡಿಸುವವನಿಗೆ ನೇರ ದಕ್ಕುವ ಅನುಕೂಲ. ನಾದದ ಮಾತು ಬೇರೆ. ಗಟ್ಟಿಮರದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಧ್ವನಿಯನ್ನು ಹಿಡಿಯುವುದು ತಂತಿಯ ಕೆಳಗಿನ ಪಿಕಪ್. ಮೈಮೇಲಿನ ಗೀರುಗಳಿಂದ ನಾದ ಇಂಪಾಗುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಕಿಲ್ಲ.

ಇಂಥ ವಿದ್ಯೆ ಗಿಟಾರಿನವರ ಸ್ವಂತ ಶೋಧವೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಜ್ಯಾಂ ಬಾಪ್ತಿಸ್ತ್ ವಿಯೋಮ್ ಎಂಬ ಪಿಟೀಲು ತಯಾರಕರು ಸ್ಟ್ರಾಡಿವೇರಿಯಸ್, ಗ್ವಾರ್ನೆರಿ ಪಿಟೀಲುಗಳ ತದ್ರೂಪುಗಳನ್ನು ಸವೆದ ವಾರ್ನಿಷ್ ಸಮೇತ ಮಾಡುತ್ತಿದ್ದರು. ಪಿಟೀಲು ವಾದಕ ಪಗನೀನಿ ರಿಪೇರಿಗೆ ಕೊಟ್ಟ ತಮ್ಮ ಪಿಟೀಲಿನ ಪಕ್ಕ ವಿಯೋಮ್ ಮಾಡಿದ ನಕಲನ್ನು ಇಟ್ಟಾಗ ಯಾವುದು ತಮ್ಮದೆಂದು ಅವರಿಗೇ ತಕ್ಷಣ ತಿಳಿಯಲಿಲ್ಲವೆಂಬ ಕಥೆಯಿದೆ. ವಿಯೋಮ್ ಪಿಟೀಲುಗಳಿಗೆ ಇಂದು ದೊಡ್ಡ ಗೌರವ, ದೊಡ್ಡ ಬೆಲೆ.

ಪ್ರಸಿದ್ಧರ ಗಿಟಾರುಗಳ ತದ್ರೂಪಿನ ಮಾರುಕಟ್ಟೆ ಮಾತ್ರ ಬೇರೆಯದೇ ಲೋಕ. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕೊಂಡ ಹಳೆಯ ಸ್ಟ್ರಾಟೊಕ್ಯಾಸ್ಟರುಗಳ ಭಾಗಗಳನ್ನು ಕೂಡಿಸಿ ಮಾಡಿಕೊಂಡ ಬ್ಲ್ಯಾಕಿ ಎಂಬ ಗಿಟಾರ್ 2004ರಲ್ಲಿ 9,59,500 ಡಾಲರಿಗೆ ಹರಾಜಾಯಿತು. 2006ರಲ್ಲಿ ಫೆಂಡರ್ ಅದರ 275 ತದ್ರೂಪುಗಳನ್ನು ತಲಾ 24,000 ಡಾಲರಿನಂತೆ ಮಾರಿತು. ಕಲೆ, ಗೀರು, ಸುಟ್ಟ ಗುರುತು ಎಲ್ಲವೂ 275 ಗಿಟಾರುಗಳಲ್ಲೂ ಒಂದೇ ಜಾಗದಲ್ಲಿ. ಹಳೆಯ ಗಿಟಾರುಗಳ ಘನತೆಯೇ ಒಂದರಂತೆ ಇನ್ನೊಂದು ಇಲ್ಲದಿರುವುದು ಎಂಬುದನ್ನು ನೆನೆದರೆ ಇಲ್ಲಿ ಏನೋ ತಪ್ಪಿದೆ ಎನ್ನಿಸದಿರದು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರಿನ ಮಾದರಿಯನ್ನು 2008ರಲ್ಲಿ ಮಾರುಕಟ್ಟೆಗೆ ತಂದಾಗ ಫೆಂಡರ್ ಹೆಚ್ಚು ವಿವೇಕದಿಂದ ನಡೆದುಕೊಂಡಿತು. ಸವೆದ ಆವೃತ್ತಿಯ ಜೊತೆಗೇ ಹೊಸದರಂತೆ ಹೊಳೆಯುವ ಆವೃತ್ತಿಯನ್ನೂ ಇಟ್ಟು, ಆಯ್ಕೆಯನ್ನು ಕೊಳ್ಳುವವರಿಗೇ ಬಿಟ್ಟಿತು.

ಎರಡು ಪಾಳಯಗಳ ನಡುವೆ ಸಿಕ್ಕದೆ ಉಳಿಯುವ ಉದಾಹರಣೆಯೂ ಇದೆ. ಗಿಟಾರ್ ವಾದಕ ಜಾನ್ ಮೇಯರ್ ಅವರ ಬ್ಲ್ಯಾಕ್ ಒನ್ ಗಿಟಾರ್ 2004ರಲ್ಲಿ ಕಸ್ಟಮ್ ಶಾಪಿನಲ್ಲೇ ಹುಟ್ಟಿದ್ದು, ಹುಟ್ಟುವಾಗಲೇ ಮುಪ್ಪು. ಅದನ್ನು ಮೇಯರ್ ವರ್ಷಗಟ್ಟಲೆ ವೇದಿಕೆಯ ಮೇಲೆ, ಸ್ಟುಡಿಯೊದಲ್ಲಿ ನುಡಿಸಿದರು. ಕೃತಕ ಗೀರುಗಳ ಮೇಲೆ ಅಸಲಿ ಗೀರು ಕೂಡಿಕೊಂಡವು. 2010ರ ಹೊತ್ತಿಗೆ ಆ ಗಿಟಾರಿನ ತದ್ರೂಪುಗಳೂ ಬಂದವು. ಅದರಲ್ಲಿ ಕಾರ್ಖಾನೆಯ ಪಾಲೆಷ್ಟು, ಮೇಯರ್ ಪಾಲೆಷ್ಟು ಎಂದು ಈಗ ಬೇರ್ಪಡಿಸುವುದು ಯಾರಿಂದಲೂ ಆಗದು. ನುಡಿಸುತ್ತಾ ಹೋದರೆ ಸುಳ್ಳೂ ನಿಧಾನಕ್ಕೆ ನಿಜದೊಳಗೆ ಬೆರೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನುಡಿಸದೆ ಗೋಡೆಗೆ ತೂಗುಹಾಕಿದ ರೆಲಿಕ್ಕಿಗೆ ಈ ಭಾಗ್ಯವಿಲ್ಲ.

ಪಾಲಿಯೆಸ್ಟರ್ ಬಳಿದ ಗಿಟಾರಿನಲ್ಲೂ ಸಹಜವಾಗಿ ಹಳತಾಗುವ ಒಂದು ಭಾಗ ಉಳಿದಿದೆ. ಅದಕ್ಕೂ ನಮ್ಮ ನೆಲಕ್ಕೂ ನಂಟಿದೆ. ಬೆರಳುಗಳು ಓಡಾಡುವ ಫ್ರೆಟ್‌ಬೋರ್ಡಿಗೆ ಐವತ್ತು-ಅರವತ್ತರ ದಶಕಗಳಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ವಿರಳವಾಗುತ್ತ ಬಂದಂತೆ ತಯಾರಕರು ದಕ್ಷಿಣ ಭಾರತದ ಬೀಟೆಯತ್ತ ತಿರುಗಿದರು. 1992ರಲ್ಲಿ ಬ್ರೆಜಿಲ್ ಮರದ ಅಂತಾರಾಷ್ಟ್ರೀಯ ವ್ಯಾಪಾರವೇ ಬಹುತೇಕ ನಿಂತಿತು. ಕರ್ನಾಟಕದ ಪಶ್ಚಿಮಘಟ್ಟದ ಕಾಡುಗಳು ಆ ಬೀಟೆಯ ತವರುಗಳಲ್ಲಿ ಒಂದು. ಈಚಿನ ವರ್ಷಗಳಲ್ಲಿ ಅಗ್ಗದ ಗಿಟಾರುಗಳಿಗೆ ಇಂಡಿಯನ್ ಲಾರೆಲ್, ಅಂದರೆ ನಮ್ಮ ಮತ್ತಿ ಮರವೂ ಬಂದಿದೆ. ಈ ಮರಗಳ ಫ್ರೆಟ್‌ಬೋರ್ಡಿಗೆ ಸಾಮಾನ್ಯವಾಗಿ ಲ್ಯಾಕರ್ ಬಳಿಯುವುದಿಲ್ಲ. ಬೆರಳ ಜಿಡ್ಡು ನೇರ ಮರಕ್ಕೆ ಇಳಿಯುತ್ತದೆ, ಬಣ್ಣ ಗಾಢವಾಗುತ್ತದೆ, ಹೆಚ್ಚು ನುಡಿಸುವ ಮನೆಗಳಲ್ಲಿ ಸಣ್ಣ ಗುಳಿ ಬೀಳುತ್ತದೆ. ಬೆಂಗಳೂರಿನ ಕಾಲೇಜು ಹುಡುಗಿಯೊಬ್ಬಳು ಐದು ವರ್ಷ ನುಡಿಸಿದ ಸಾಧಾರಣ ಗಿಟಾರಿನಲ್ಲೂ ಅವಳ ಅಭ್ಯಾಸದ ಲೆಕ್ಕ ಅಲ್ಲಿ ಸಿಗುತ್ತದೆ.

ಹಾಗಾದರೆ ಏನನ್ನು ಕೊಳ್ಳಬೇಕು? ಕಲೆಗಳಿಗೆ ಹಣ ಕೊಡುವುದಕ್ಕಿಂತ ಕಲೆಯನ್ನು ಸ್ವೀಕರಿಸಬಲ್ಲ ಬಣ್ಣಕ್ಕೆ ಹಣ ಕೊಡುವುದು ಮೇಲು. ಗಿಬ್ಸನ್ ಇಂದಿಗೂ ತನ್ನ ಅಮೆರಿಕನ್ ಗಿಟಾರುಗಳಿಗೆ ನೈಟ್ರೊ ಲ್ಯಾಕರನ್ನೇ ಬಳಿಯುತ್ತದೆ. ಫೆಂಡರ್‌ನಲ್ಲೂ ಅಂಥ ಮಾದರಿಗಳಿವೆ. ಇನ್ನು ಕತ್ತು ಮಾತ್ರ ನುಣುಪಾಗಿ ಜಾರಬೇಕೆನ್ನುವವರು ಇಷ್ಟೂ ಖರ್ಚು ಮಾಡಬೇಕಿಲ್ಲ. ಮರಗೆಲಸದವರು ಬಳಸುವ ಅತಿ ನವಿರಾದ ಉಕ್ಕಿನ ಉಣ್ಣೆಯಿಂದ ಕತ್ತಿನ ಹಿಂಭಾಗವನ್ನು ಉದ್ದುದ್ದಕ್ಕೆ ಹಗುರವಾಗಿ ಉಜ್ಜಿದರೆ ಹೊಳಪು ಹೋಗಿ ರೆಲಿಕ್ ಕತ್ತಿನ ಹಿತ ಬಹುಮಟ್ಟಿಗೆ ಸಿಗುತ್ತದೆ. ಉಜ್ಜುವ ಮುನ್ನ ಪಿಕಪ್‌ಗಳ ಮೇಲೆ ಟೇಪು ಅಂಟಿಸಿಕೊಳ್ಳಬೇಕು. ಇಲ್ಲದಿದ್ದರೆ ಉದುರುವ ಉಕ್ಕಿನ ಪುಡಿಯನ್ನು ಒಳಗಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಸುಲಭವಲ್ಲ.